ರಾಬರ್ಟ್ ಕಾಕ್ ಮತ್ತು ಕ್ಷಯದ ಪತ್ತೆ

ಕ್ಷಯರೋಗದ ಬ್ಯಾಕ್ಟೀರಿಯವನ್ನು ಮೊದಲು ಕಣ್ಣಿಗೆ ಕಾಣಿಸಿದವನು ಜರ್ಮನಿಯ ವೈದ್ಯ ರಾಬರ್ಟ್ ಕಾಕ್ (1843–1910). ಗ್ಯೋಟಿಂಗೆನ್‌ನಲ್ಲಿ ವೈದ್ಯಕೀಯ ಓದಿದ ಅವನು 1872ರಿಂದ ಎಂಟು ವರ್ಷ, ಈಗ ಪೋಲೆಂಡಿಗೆ ಸೇರಿರುವ ವೋಲ್‌ಸ್ಟೈನ್ ಎಂಬ ಸಣ್ಣ ಊರಿನಲ್ಲಿ ಸರ್ಕಾರಿ ವೈದ್ಯನಾಗಿದ್ದ. ರೋಗಿಗಳನ್ನು ನೋಡುವ ಮನೆಯೇ ಅವನ ಪ್ರಯೋಗಾಲಯ. ದನಕುರಿಗಳನ್ನು ಕೊಲ್ಲುವ ಆಂಥ್ರಾಕ್ಸ್, ಅಂದರೆ ನೆರಡಿ ಬೇನೆಯ ಬ್ಯಾಕ್ಟೀರಿಯದ ಜೀವನಕ್ರಮವನ್ನು ಅಲ್ಲಿಯೇ ಬಿಡಿಸಿ 1876ರಲ್ಲಿ ಪ್ರಕಟಿಸಿದ. ನಾಲ್ಕು ವರ್ಷಗಳ ಬಳಿಕ ಬರ್ಲಿನ್‌ನ ಆರೋಗ್ಯ ಕಚೇರಿಯಿಂದ ಕರೆ ಬಂತು.

ಕ್ಷಯದ ಬ್ಯಾಕ್ಟೀರಿಯ ಅಲ್ಲಿಯವರೆಗೆ ತಪ್ಪಿಸಿಕೊಂಡಿದ್ದಕ್ಕೆ ಅದರ ಮೈಯೇ ಕಾರಣ. ಮೇಣದಂಥ ಕೊಬ್ಬಿನ ಹೊದಿಕೆ ಇರುವುದರಿಂದ ಮಾಮೂಲಿ ಬಣ್ಣ ಅದಕ್ಕೆ ಹಿಡಿಯುವುದಿಲ್ಲ. ಬಣ್ಣ ಹಿಡಿಯದ ಬ್ಯಾಕ್ಟೀರಿಯ ಸೂಕ್ಷ್ಮದರ್ಶಕದಡಿ ಇದ್ದೂ ಇಲ್ಲದಂತೆ. ಕಾಕ್ ಮೆಥಿಲೀನ್ ನೀಲಿಗೆ ತುಸು ಕ್ಷಾರ ಬೆರೆಸಿ ರೋಗದ ಗಂಟಿನ ಮಾದರಿಯನ್ನು ಅದರಲ್ಲಿ 24 ಗಂಟೆ ಬಿಟ್ಟ. ಆಮೇಲೆ ಕಂದು ಬಣ್ಣ ಹಾಕಿದ. ಸುತ್ತಲ ಅಂಗಾಂಶವೆಲ್ಲ ಕಂದಾಯಿತು, ನಡುವೆ ಸಣ್ಣ ಕಡ್ಡಿಗಳಷ್ಟೇ ನೀಲಿಯಾಗಿ ಉಳಿದವು. ಅವನ್ನು ಬೆಳೆಸುವುದು ಇನ್ನೂ ಕಷ್ಟವಾಗಿತ್ತು. ಬೇರೆ ಬ್ಯಾಕ್ಟೀರಿಯಗಳು ಒಂದೆರಡು ದಿನದಲ್ಲಿ ಕಣ್ಣಿಗೆ ಬಿದ್ದರೆ, ಹೆಪ್ಪುಗಟ್ಟಿಸಿದ ರಕ್ತದ ಸೀರಮ್ ಮೇಲೆ ಇವು ಕಾಣಿಸಿಕೊಳ್ಳಲು ಸುಮಾರು ಎರಡು ವಾರ ಬೇಕಾಯಿತು. ಕಾಕ್ ಕಾದ. ಹಾಗೆ ಬೆಳೆದದ್ದನ್ನು ಗಿನಿಹಂದಿಗಳಿಗೆ ಚುಚ್ಚಿದಾಗ ಅವಕ್ಕೂ ಕ್ಷಯ ತಗುಲಿತು.

1882ರ ಮಾರ್ಚ್ 24ರಂದು ಬರ್ಲಿನ್‌ನ ಶರೀರಕ್ರಿಯಾ ವಿಜ್ಞಾನ ಸಂಘದಲ್ಲಿ ಇದನ್ನೆಲ್ಲ ಮಂಡಿಸಿದಾಗ ಸಭೆಯಲ್ಲಿ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಅಲ್ಲಿದ್ದ ಪೌಲ್ ಎರ್ಲಿಖ್ ಕೆಲವೇ ವಾರಗಳಲ್ಲಿ ಬಣ್ಣ ಹಾಕುವ ಕ್ರಮವನ್ನು ಚುರುಕುಗೊಳಿಸಿದ. ಒಮ್ಮೆ ಹಿಡಿದ ಬಣ್ಣವನ್ನು ಈ ಬ್ಯಾಕ್ಟೀರಿಯ ಆಮ್ಲದಲ್ಲಿ ತೊಳೆದರೂ ಬಿಡುವುದಿಲ್ಲ ಎಂಬುದನ್ನು ಕಂಡವನೂ ಅವನೇ. ಝೀಲ್, ನೀಲ್ಸನ್ ಎಂಬಿಬ್ಬರು ಎರ್ಲಿಖ್‌ನ ಕ್ರಮವನ್ನು ಇನ್ನಷ್ಟು ತಿದ್ದಿದರು. ಕಫ ಪರೀಕ್ಷೆಯಲ್ಲಿ ನೀಲಿ ಹಿನ್ನೆಲೆಯ ಮೇಲೆ ಕೆಂಪು ಕಡ್ಡಿ ಕಾಣುವ ವಿಧಾನ ಇವರಿಬ್ಬರ ಹೆಸರಿನಲ್ಲೇ ಇದೆ.

ಮುಂದೆ ಕಾಕ್ ಈಜಿಪ್ಟಿಗೂ ಕಲ್ಕತ್ತೆಗೂ ಹೋಗಿ, 1884ರಲ್ಲಿ ಕಾಲರಾದ ಅಲ್ಪವಿರಾಮದಾಕಾರದ ಬ್ಯಾಕ್ಟೀರಿಯವನ್ನು ಗುರುತಿಸಿದ. ಇಟಲಿಯ ಪಚೀನಿ 30 ವರ್ಷ ಮೊದಲೇ ಅದನ್ನು ಕಂಡಿದ್ದ. ಆಗ ಯಾರೂ ಕಿವಿಗೊಟ್ಟಿರಲಿಲ್ಲ.

1890ರಲ್ಲಿ ಕಾಕ್ ಎಡವಿದ. ಕ್ಷಯದ ಬ್ಯಾಕ್ಟೀರಿಯದಿಂದ ತೆಗೆದ ಟ್ಯೂಬರ್ಕ್ಯುಲಿನ್ ಎಂಬ ಸಾರವನ್ನು ಔಷಧಿಯೆಂದು ಸಾರಿದ. ಅದರಲ್ಲಿ ಏನಿದೆ ಎಂಬುದನ್ನು ಮೊದಲಿಗೆ ಗುಟ್ಟಾಗಿಟ್ಟದ್ದು ವಿಜ್ಞಾನಿಗೆ ತಕ್ಕ ನಡೆಯಾಗಿರಲಿಲ್ಲ. ರೋಗಿಗಳು ಬರ್ಲಿನ್‌ಗೆ ಮುಗಿಬಿದ್ದರು. ರೋಗ ವಾಸಿಯಾಗಲಿಲ್ಲ, ಚುಚ್ಚಿಸಿಕೊಂಡವರಲ್ಲಿ ಕೆಲವರು ಸತ್ತರು. ಆದರೆ ಕ್ಷಯದ ಸೋಂಕು ಇದ್ದವರ ಮೈ ಆ ಸಾರಕ್ಕೆ ಜೋರಾಗಿ ಪ್ರತಿಕ್ರಿಯಿಸುತ್ತಿತ್ತು. 1907ರಲ್ಲಿ ವಿಯೆನ್ನಾದ ಪಿರ್ಕೆ, ಮರುವರ್ಷ ಫ್ರಾನ್ಸಿನ ಮಾಂಟೂ ಇದನ್ನೇ ಚರ್ಮದ ಪರೀಕ್ಷೆಯಾಗಿಸಿದರು. ಮಾಂಟೂ ವಿಧಾನದಲ್ಲಿ ಮುಂಗೈ ಚರ್ಮದೊಳಗೆ 0.1 ಮಿಲಿಲೀಟರ್ ಚುಚ್ಚಿ, 48ರಿಂದ 72 ಗಂಟೆಗಳ ನಂತರ ಗಟ್ಟಿಯಾದ ಊತವನ್ನು ಅಳೆಯುತ್ತಾರೆ. ಸುತ್ತಲ ಕೆಂಪು ಲೆಕ್ಕಕ್ಕಿಲ್ಲ. ಸೋಂಕು ತಗುಲಿದೆಯೇ ಎಂಬುದನ್ನಷ್ಟೇ ಇದು ಹೇಳುತ್ತದೆ, ರೋಗ ಕಾಣಿಸಿಕೊಂಡಿದೆಯೇ ಎಂಬುದನ್ನು ಹೇಳಲಾರದು.

ದನದ ಕ್ಷಯದಿಂದ ಮನುಷ್ಯರಿಗೆ ಹೆಚ್ಚಿನ ಅಪಾಯವಿಲ್ಲವೆಂದು 1901ರಲ್ಲಿ ಕಾಕ್ ಲಂಡನ್ನಿನಲ್ಲಿ ಆಡಿದ ಮಾತೂ ತಪ್ಪಾಯಿತು. ನೊಬೆಲ್ ಪ್ರಶಸ್ತಿ 1905ರಲ್ಲಿ ಬಂತು, ಕ್ಷಯದ ಸಂಶೋಧನೆಗಾಗಿ.

ಬೆಂಗಳೂರಿನಲ್ಲಿ 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಮರುವರ್ಷ ತುಮಕೂರು ಜಿಲ್ಲೆಯಲ್ಲಿ ಸಮೀಕ್ಷೆಗಿಳಿದಾಗ ಜನರ ತೋಳಿಗೆ ಚುಚ್ಚಿದ್ದು ಟ್ಯೂಬರ್ಕ್ಯುಲಿನ್ ಅನ್ನೇ.