‘ನರ’ ಎಂಬ ಪದ ಮತ್ತು ಸೂಜಿಯ ಚಿಕಿತ್ಸೆ: ಆಳಂದ, ಅಫಜಲಪುರ, ಜೇವರ್ಗಿ ಪರಿಸರದ ಒಂದು ಜನವೈದ್ಯ ವಿವೇಚನೆ

ಜನಪದ ವೈದ್ಯದ ಅಧ್ಯಯನವು ಗಿಡಮೂಲಿಕೆಗಳ ಸಂಗ್ರಹಕ್ಕಷ್ಟೇ ಸೀಮಿತವಾದುದಲ್ಲ. ರೋಗವನ್ನು ಹೆಸರಿಸುವ ಮಾತೂ ಅದರ ವಸ್ತುವೇ ಆಗಿದೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ಆಡುನುಡಿಯಲ್ಲಿ, ಕಾಲಿನ ಮೇಲೆ ನೀಲಿಯಾಗಿ ಹುರಿಗಟ್ಟಿ ಕಾಣುವ ರಕ್ತನಾಳಗಳನ್ನು ಕುರಿತು ‘ಕಾಲಾಗ ನರ ಉಬ್ಬ್ಯಾವ’ ಎನ್ನುವುದುಂಟು.

ಈ ‘ನರ’ ಶಬ್ದದ ಅರ್ಥವ್ಯಾಪ್ತಿ ದೊಡ್ಡದು. ರಕ್ತನಾಳ, ಸಂವೇದನೆಯ ತಂತು, ಸ್ನಾಯುವಿನ ಬಿಗಿ ಮೂರಕ್ಕೂ ಅದೇ ಪದ ಬಳಕೆಯಾಗುತ್ತದೆ. ದಖನಿಯ ‘ನಸ’ ಶಬ್ದವೂ ಹೀಗೆಯೇ. ಸುಶ್ರುತ ಸಂಹಿತೆಯ ಶಾರೀರಸ್ಥಾನವು ಸಿರೆ ಮತ್ತು ಧಮನಿಗಳಿಗೆ ಬೇರೆ ಬೇರೆ ಅಧ್ಯಾಯಗಳನ್ನೇ ಮೀಸಲಿಟ್ಟಿದೆ. ಇಂದಿನ ಪಠ್ಯಪುಸ್ತಕಗಳು ಅಪಧಮನಿ, ಅಭಿಧಮನಿ, ನರ ಎಂದು ವಿಂಗಡಿಸುತ್ತವೆ. ಆಡುನುಡಿಯು ಈ ವಿಂಗಡಣೆಯನ್ನು ಒಪ್ಪಿಕೊಂಡಿಲ್ಲ.

ಕಾಲಿನ ಅಭಿಧಮನಿಗಳು ರಕ್ತವನ್ನು ಮೇಲಕ್ಕೆ, ಹೃದಯದ ಕಡೆಗೆ ಒಯ್ಯುತ್ತವೆ. ಅವುಗಳ ಒಳಗಿನ ಕವಾಟಗಳು ಶಿಥಿಲವಾದಾಗ ರಕ್ತ ಕೆಳಗೆ ನಿಂತು ನಾಳವು ಉಬ್ಬುತ್ತದೆ. ವಂಶಪಾರಂಪರ್ಯ, ವಯಸ್ಸು, ಬಸಿರು, ದೀರ್ಘಕಾಲ ನಿಂತು ದುಡಿಯುವುದು ಇದಕ್ಕೆ ಪೂರಕ. ನಿರ್ಲಕ್ಷಿಸಿದರೆ ಕಣಕಾಲಿನ ಬಳಿ ಚರ್ಮ ಕಪ್ಪಾಗಿ ಹುಣ್ಣಾಗಬಹುದು. ಸೂಜಿಯ ಚಿಕಿತ್ಸೆಯಲ್ಲಿ ಪಾಲಿಡೋಕೆನಾಲ್ ಅಥವಾ ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್ ಎಂಬ ಔಷಧವನ್ನು ಕೆಟ್ಟ ನಾಳಕ್ಕೇ ಚುಚ್ಚುತ್ತಾರೆ. ಜೇಡರಬಲೆಯಂತಹ ಸಣ್ಣ ನಾಳಗಳಿಗೆ ಸಾಮಾನ್ಯವಾಗಿ ದ್ರವರೂಪದಲ್ಲಿ, ದೊಡ್ಡವಕ್ಕೆ ನೊರೆಯ ರೂಪದಲ್ಲಿ ಕೊಡುವರು. ಒಳಪದರ ನಾಶವಾಗಿ ಗೋಡೆಗಳು ಅಂಟಿಕೊಳ್ಳುತ್ತವೆ. ರಕ್ತವು ಆರೋಗ್ಯವಂತ ನಾಳಗಳತ್ತ ತಿರುಗುತ್ತದೆ.

ತೊಡಕು ಹುಟ್ಟುವುದು ಇಲ್ಲಿಯೇ. ‘ಆ ನರ ಸಾಯಿಸುತ್ತೇವೆ’ ಎಂದು ವೈದ್ಯರು ಸರಳವಾಗಿ ಹೇಳಿದಾಗ, ಕೇಳುವವರ ಕಿವಿಗೆ ಬೀಳುವುದು ಬೇರೆಯೇ ಅರ್ಥ. ಕನ್ನಡದಲ್ಲಿ ‘ನರಸತ್ತವನು’ ಎಂದರೆ ಬಲಗುಂದಿದವನು, ಪುರುಷತ್ವವಿಲ್ಲದವನು. ಸೂಜಿಯೆಂದರೆ ಶಕ್ತಿ ತುಂಬುವುದೆಂಬ ನಂಬಿಕೆಯುಳ್ಳವರಿಗೆ, ಶಕ್ತಿಯನ್ನೇ ಕೊಲ್ಲುವ ಸೂಜಿ ಭಯ ಹುಟ್ಟಿಸುವುದು ಸಹಜ. ಹೀಗೆ ಹಿಂಜರಿಯುವುದನ್ನು ಅಜ್ಞಾನವೆಂದು ತಳ್ಳಿಹಾಕಲಾಗದು. ಅದು ಭಾಷೆಯ ತರ್ಕಕ್ಕೆ ಬದ್ಧವಾದುದು.

ಆದರೆ ಹಿಂಜರಿಕೆಯ ಬೆಲೆ ಸಣ್ಣದಲ್ಲ. ಉಬ್ಬಿದ ನಾಳದ ಮೇಲೆ ಬರೆ ಎಳೆದರೆ ಅಥವಾ ಅದನ್ನು ಕೊಯ್ದು ರಕ್ತ ಬಿಟ್ಟರೆ ಗಾಯ ಮಾಯದೆ ಹುಣ್ಣಾಗುವ, ರಕ್ತಸ್ರಾವವಾಗುವ ಅಪಾಯವಿದೆ. ಕಾಲೆತ್ತಿ ಮಲಗುವುದನ್ನು ಮಾತ್ರ ಆಧುನಿಕ ವೈದ್ಯವೂ ಅನುಮೋದಿಸುತ್ತದೆ. ಸೂಜಿಯೂ ಎಲ್ಲರಿಗೂ ಸಲ್ಲದು: ಗರ್ಭಿಣಿಯರಿಗೆ, ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ ಅದನ್ನು ಕೊಡುವುದಿಲ್ಲ. ಚರ್ಮದ ಮೇಲೆ ಕಲೆ ಉಳಿಯಬಹುದು. ಹೊಸ ನಾಳಗಳು ಮತ್ತೆ ಉಬ್ಬಲೂಬಹುದು.

ಭೀಮಾ ತೀರದ ರೈತನಿಗೆ ಒಡೆದ ಕಾಲುವೆಯನ್ನು ಮುಚ್ಚಿ ನೀರನ್ನು ಗಟ್ಟಿ ಕಾಲುವೆಗೆ ತಿರುಗಿಸುವುದು ಹೊಸ ಸಂಗತಿಯಲ್ಲ. ‘ನರ ಸಾಯಿಸುವುದು’ ಎನ್ನುವ ಬದಲು ‘ಕೆಟ್ಟ ದಾರಿ ಮುಚ್ಚಿ ರಕ್ತವನ್ನು ಒಳ್ಳೆಯ ದಾರಿಗೆ ಹಚ್ಚುವುದು’ ಎಂದರೆ ಚಿಕಿತ್ಸೆಯ ತತ್ತ್ವವೂ ಕೆಡದು, ಕೇಳುವವನ ಮಾನವೂ ಉಳಿಯುವುದು. ಜನಪದ ಪರಿಭಾಷೆಯ ಅಧ್ಯಯನವು ಆಸ್ಪತ್ರೆಗೆ ಸಲ್ಲಿಸಬಹುದಾದ ಸೇವೆ ಇಂತಹುದೇ ಆಗಿದೆ.