ಎಲ್‌ಎಚ್ ಮಿಡಿತದ ಲೆಕ್ಕ

ಹಾರ್ಮೋನುಗಳ ಸಂಶೋಧನೆಯಲ್ಲಿರುವ ಗೆಳತಿಯೊಬ್ಬಳು ಈಚೆಗೆ ಒಂದು ಗ್ರಾಫು ತೋರಿಸಿದಳು. 10 ನಿಮಿಷಕ್ಕೊಮ್ಮೆ, ರಾತ್ರಿಯಿಡೀ ತೆಗೆದ ರಕ್ತದಲ್ಲಿನ ಎಲ್‌ಎಚ್ (ಅಂಡಾಶಯ, ವೃಷಣಗಳನ್ನು ಪ್ರಚೋದಿಸುವ ಲ್ಯೂಟಿನೈಸಿಂಗ್ ಹಾರ್ಮೋನು) ಮಟ್ಟ. ಗೆರೆ ಗಕ್ಕನೆ ಏರುತ್ತದೆ, ನಿಧಾನಕ್ಕೆ ಇಳಿಯುತ್ತದೆ, ಪೂರ್ತಿ ಇಳಿಯುವ ಮೊದಲೇ ಮತ್ತೆ ಏರುತ್ತದೆ. ಹಾರ್ಮೋನು ಒಮ್ಮೆಲೇ ಹೊರಬಿದ್ದ ಇಂಥ ಒಂದೊಂದು ಏರಿಕೆಯೂ ಒಂದು ಮಿಡಿತ. "ಎಷ್ಟು ಮಿಡಿತ ಇದೆ, ಎಣಿಸು ನೋಡೋಣ" ಎಂದಳು. ನನಗೆ 5 ಕಂಡವು, ಅವಳ ಸಹೋದ್ಯೋಗಿಗೆ 7. ಸಾಫ್ಟ್‌ವೇರ್ ಕೂಡ ವಿಧಾನ ಬದಲಿಸಿದ ಹಾಗೆಲ್ಲ ಲೆಕ್ಕ ಬದಲಿಸಿತು.

ಈ ಎಣಿಕೆಗೆ ಇಷ್ಟು ಬೆಲೆ ಬಂದದ್ದು ಪಿಟ್ಸ್‌ಬರ್ಗಿನ ಅರ್ನ್ಸ್ಟ್ ಕ್ನೋಬಿಲ್ ತಂಡದಿಂದ. ಮಿದುಳಿನ ಹೈಪೋಥಾಲಮಸ್ ಭಾಗ ಘಾಸಿಗೊಂಡು ಎಲ್‌ಎಚ್ ಬತ್ತಿದ್ದ ರೀಸಸ್ ಕೋತಿಗಳಿಗೆ ಅವರು, ಎಲ್‌ಎಚ್ ಬಿಡುಗಡೆಗೆ ಆ ಭಾಗ ಕಳಿಸುವ ಹಾರ್ಮೋನಾದ ಜಿಎನ್‌ಆರ್‌ಎಚ್ ಅನ್ನು ಗಂಟೆಗೊಮ್ಮೆ ಕೊಟ್ಟರೆ ಎಲ್‌ಎಚ್ ಮರಳುತ್ತಿತ್ತು. ಎಡೆಬಿಡದೆ ಹರಿಸಿದರೆ ಅಡಗುತ್ತಿತ್ತು. 1978ರ ಆ ಪ್ರಯೋಗದ ತತ್ವವೇ ಪ್ರೊಸ್ಟೇಟ್ ಕ್ಯಾನ್ಸರಿಗೆ ಕೊಡುವ ಲ್ಯೂಪ್ರೊಲೈಡ್ ಔಷಧದ ಹಿಂದಿದೆ.

ಹಾಗಾದರೆ ಮಿಡಿತ ಎಣಿಸುವುದು ಹೇಗೆ? 1973ರಲ್ಲಿ ಸಂಶೋಧಕರಾದ ಸ್ಯಾಂಟೆನ್ ಮತ್ತು ಬಾರ್ಡಿನ್ 20% ಏರಿಕೆಯನ್ನೇ ಮಿಡಿತವೆಂದರು. ಆದರೆ ಅಳತೆಯ ಏರುಪೇರೂ ಹಾಗೆಯೇ ಕಾಣಬಲ್ಲದು. 1986ರಲ್ಲಿ ವೆಲ್ಡ್‌ಹುಯಿಸ್ ಮತ್ತು ಜಾನ್ಸನ್ ತಂದ 'ಕ್ಲಸ್ಟರ್' ವಿಧಾನ ಅಕ್ಕಪಕ್ಕದ ರೀಡಿಂಗ್‌ಗಳ ಗುಂಪುಗಳನ್ನು ಹೋಲಿಸಿತು. ಮರುವರ್ಷ ಅವರೇ ಡೀಕನ್ವೊಲ್ಯೂಷನ್‌ಗೆ ಕೈಹಾಕಿದರು. ಅದು ಹೀಗೆ: ತೂತು ಬಿಂದಿಗೆಗೆ ಯಾರೋ ಆಗಾಗ ಚೊಂಬಿನಲ್ಲಿ ನೀರು ಸುರಿಯುತ್ತಿದ್ದಾರೆ. ನಮಗೆ ಕಾಣುವುದು ನೀರಿನ ಮಟ್ಟ ಮಾತ್ರ. ಯಾವಾಗ, ಎಷ್ಟು ಚೊಂಬು ಸುರಿದರು ಎಂದು ಹೇಳಬೇಕು. ಸೋರುವ ವೇಗವನ್ನು ತಪ್ಪಾಗಿ ಊಹಿಸಿದರೆ ಚೊಂಬಿನ ಲೆಕ್ಕವೂ ತಪ್ಪುತ್ತದೆ.

ನನಗೆ ಅತಿ ಇಷ್ಟವಾದದ್ದು ಹಸುಗಳ ಕುರಿತ ಪ್ರಬಂಧ. 1988ರಲ್ಲಿ 'ಬಯೋಮೆಟ್ರಿಕ್ಸ್' ಪತ್ರಿಕೆಯಲ್ಲಿ ಓಸಲಿವನ್ ಜೋಡಿ ಇದೇ ಡೀಕನ್ವೊಲ್ಯೂಷನ್ ಬಳಸಿದ್ದು ಹಸುಗಳು ಪ್ರಾಯಕ್ಕೆ ಬರುವುದರಲ್ಲಿ ಋತುಮಾನದ ಪಾತ್ರವೇನೆಂದು ತಿಳಿಯಲು! ಕಡಸು ಮೊದಲ ಬಾರಿ ಕೂಗಿದರೆ ಬೆದೆಗೆ ಬಂತೆಂದು ಕೊಟ್ಟಿಗೆಯವರಿಗೆ ಗೊತ್ತಾಗುತ್ತದೆ. ಅದಕ್ಕೆ ವಾರಗಳ ಮೊದಲೇ ಅದರ ರಕ್ತದಲ್ಲಿ ಎಲ್‌ಎಚ್ ಮಿಡಿತ ಬಿರುಸಾಗಿರುತ್ತದೆ. ಕೂಗಿಗೂ ಮೊದಲಿನ ಆ ಸುದ್ದಿಯನ್ನು ಗಣಿತ ಓದಬಲ್ಲದೆಂಬುದು ನನಗೆ ಇಂದಿಗೂ ರೋಮಾಂಚನ.

ಮಿಡಿತ ಇಷ್ಟೇ ಎಂದು ಖಡಾಖಂಡಿತ ಹೇಳುವ ವಿಧಾನಗಳ ಮೇಲೆ ಮಾತ್ರ ನನಗೆ ನಂಬಿಕೆ ಕಡಿಮೆ. 2003ರಲ್ಲಿ ಟಿಮೊಥಿ ಜಾನ್ಸನ್ ಮುಂದಿಟ್ಟ ಬೇಸಿಯನ್ ವಿಧಾನ ಮಿಡಿತಗಳ ಸಂಖ್ಯೆಯನ್ನೇ ಅಜ್ಞಾತವೆಂದು ಹಿಡಿದು, 5 ಆಗಿರುವ ಸಂಭವ ಎಷ್ಟು, 7 ಆಗಿರುವ ಸಂಭವ ಎಷ್ಟು ಎಂದು ತೂಗುತ್ತದೆ. ಅದೇ ಪ್ರಾಮಾಣಿಕ ಉತ್ತರ. ನಮಗೂ ಇದರಲ್ಲಿ ಪಾಠವಿದೆ: ಅರ್ಧ ಗಂಟೆಯಲ್ಲೇ ಬದಲಾಗಬಲ್ಲ ಹಾರ್ಮೋನಿನ ಒಂದೇ ರೀಡಿಂಗ್ ಹಿಡಿದು ಗಾಬರಿಯಾಗುವುದು ಬೇಡ. ವೈದ್ಯರು ಇನ್ನೊಮ್ಮೆ ರಕ್ತ ಕೊಡಿ ಎಂದರೆ ಕೊಡೋಣ.