ಕೊನೆಯ ಚೌಕದ ತಿರುವು

ಚಿತ್ರಕಥೆಯು ತರಗತಿಗೆ ತಕ್ಕುದಲ್ಲವೆಂಬ ಭಾವನೆ ಅಧ್ಯಾಪಕರಲ್ಲಿ ಇನ್ನೂ ಬಲವಾಗಿದೆ. ಈ ಭಾವನೆಯ ಮರುಪರಿಶೀಲನೆಗೆ ಅಮೆರಿಕದ ಇ.ಸಿ. ಕಾಮಿಕ್ಸ್ ಪ್ರಕಾಶನದ ಒಂದು ಕಥೆಯನ್ನು ನೋಡಬಹುದು. ವಿಲಿಯಂ ಗೇನ್ಸ್ ಒಡೆತನದ ಈ ಸಂಸ್ಥೆಯು 1950ರಲ್ಲಿ ‘ವಿಯರ್ಡ್ ಸೈನ್ಸ್’ ಮತ್ತು ‘ವಿಯರ್ಡ್ ಫ್ಯಾಂಟಸಿ’ ಎಂಬ ಪತ್ರಿಕೆಗಳನ್ನು ಆರಂಭಿಸಿತು. ಬೆಲೆ ಹತ್ತು ಸೆಂಟ್. ಸಂಚಿಕೆಯಿಂದ ಸಂಚಿಕೆಗೆ ಮುಂದುವರಿಯುವ ನಾಯಕನಿಲ್ಲ; ಪ್ರತಿ ಸಂಚಿಕೆಯಲ್ಲಿಯೂ ಕೆಲವು ಬಿಡಿ ಕಥೆಗಳು ಮಾತ್ರ. ಅವುಗಳಲ್ಲಿ ಬಹುಪಾಲು ಕೊನೆಯ ಚೌಕದಲ್ಲಿ ಓದುಗನ ಊಹೆಯನ್ನು ತಲೆಕೆಳಗು ಮಾಡುತ್ತಿದ್ದವು. ಹಲವು ಬರಿಯ ಚಮತ್ಕಾರ. ಗುಟ್ಟು ತಿಳಿದ ಮೇಲೆ ಎರಡನೆಯ ಓದಿಗೆ ಏನೂ ಉಳಿಯದು.

1953ರ ‘ಜಡ್ಜ್‌ಮೆಂಟ್ ಡೇ’ ಹಾಗಲ್ಲ. ಕಥೆ ಆಲ್ ಫೆಲ್ಡ್‌ಸ್ಟೈನ್ ಅವರದು, ಚಿತ್ರ ಜೋ ಒರ್ಲಾಂಡೋ ಅವರದು. ಯಂತ್ರಮಾನವರು ವಾಸಿಸುವ ಒಂದು ಗ್ರಹಕ್ಕೆ ಭೂಮಿಯಿಂದ ಟಾರ್ಲ್‌ಟನ್ ಎಂಬ ಪರಿವೀಕ್ಷಕ ಬರುತ್ತಾನೆ. ಮುಖ ಕಾಣದಂತೆ ಶಿರಸ್ತ್ರಾಣ ಧರಿಸಿದ್ದಾನೆ. ಅಲ್ಲಿ ಕಿತ್ತಳೆ ಬಣ್ಣದವರಿಗೆ ಒಂದು ಬಾಳು, ನೀಲಿ ಬಣ್ಣದವರಿಗೆ ಇನ್ನೊಂದು. ನೀಲಿಯವರ ಕೇರಿಯೇ ಬೇರೆ. ಹೊರಕವಚವನ್ನು ಬಿಟ್ಟರೆ ಒಳಗಿನ ಭಾಗಗಳೆಲ್ಲ ಒಂದೇ. ಗ್ರಹವು ಗಣರಾಜ್ಯಕ್ಕೆ ಸೇರಲು ಇನ್ನೂ ಅರ್ಹವಾಗಿಲ್ಲವೆಂದು ತಿಳಿಸಿ ಅವನು ಹೊರಡುತ್ತಾನೆ. ನೌಕೆಯೊಳಗೆ ಶಿರಸ್ತ್ರಾಣ ತೆಗೆದಾಗ ಕಾಣುವುದು ಕಪ್ಪುವರ್ಣೀಯನ ಮುಖ. ದಕ್ಷಿಣದ ಸಂಸ್ಥಾನಗಳಲ್ಲಿ ವರ್ಣಬೇಧವು ಕಾನೂನೇ ಆಗಿದ್ದ ಕಾಲವದು. ಲೇಖಕರು ಎಲ್ಲಿಯೂ ಸುಳ್ಳಾಡಿಲ್ಲ. ಆ ಮುಖವು ಬಿಳಿಯದೆಂದು ಭಾವಿಸಿದವನು ಓದುಗನೇ.

1954ರಲ್ಲಿ ಚಿತ್ರಕಥೆಗಳಿಗೆ ನೀತಿಸಂಹಿತೆಯೊಂದು ಜಾರಿಗೆ ಬಂದಿತು. 1956ರ ಆರಂಭದ ಸಂಚಿಕೆಯೊಂದಕ್ಕೆ ಇದೇ ಕಥೆಯನ್ನು ಮತ್ತೆ ಕಳುಹಿಸಿದಾಗ, ಗಗನಯಾತ್ರಿ ಕಪ್ಪುವರ್ಣೀಯನಾಗಿರಕೂಡದೆಂದು ಸಂಹಿತೆಯ ಆಡಳಿತಾಧಿಕಾರಿ ಆಕ್ಷೇಪಿಸಿದರು. ಒಂದು ಚೌಕದ ಬಣ್ಣ ಬದಲಾದರೆ ಕಥೆಯೇ ಇಲ್ಲ! ಗೇನ್ಸ್ ಮತ್ತು ಫೆಲ್ಡ್‌ಸ್ಟೈನ್ ಮಣಿಯಲಿಲ್ಲ. ಕಥೆ ಇದ್ದಂತೆಯೇ ಅಚ್ಚಾಯಿತು. ಆ ಸಂಚಿಕೆಯ ಬಳಿಕ ಸಂಸ್ಥೆಯು ಇಂಥ ಚಿತ್ರಕಥಾ ಪತ್ರಿಕೆಗಳನ್ನು ನಿಲ್ಲಿಸಿ ‘ಮ್ಯಾಡ್’ ಎಂಬ ಹಾಸ್ಯಪತ್ರಿಕೆಯೊಂದನ್ನೇ ಮುಂದುವರಿಸಿತು.

ತರಗತಿಯಲ್ಲಿ ಈ ಕಥೆಯನ್ನು ಹೇಳುವಾಗ ಕೊನೆಯ ಚೌಕಕ್ಕೆ ಮುನ್ನ ನಿಲ್ಲಿಸಿ, ಟಾರ್ಲ್‌ಟನ್‌ನ ಚಿತ್ರ ಬರೆಯಲು ಮಕ್ಕಳಿಗೆ ಹೇಳಬೇಕು. ಯಾವ ಬಣ್ಣದ ಪೆನ್ಸಿಲನ್ನು ಕೈಗೆತ್ತಿಕೊಂಡರೆಂಬುದರಿಂದಲೇ ಚರ್ಚೆ ಆರಂಭವಾಗಲಿ.

ಮಕ್ಕಳು ತಾವೇ ಇಂಥ ಕಥೆ ಕಟ್ಟುವಾಗ ಕನ್ನಡದ ಕ್ರಿಯಾಪದವು ಗುಟ್ಟನ್ನು ಬಿಟ್ಟುಕೊಡುತ್ತದೆ. ಕಾಸರಗೋಡಿನ ಮಕ್ಕಳು ಇದನ್ನು ಬೇಗ ಗುರುತಿಸುತ್ತಾರೆ: ಮಲಯಾಳದ ‘ವನ್ನು’ ಎಂಬ ಒಂದೇ ರೂಪವು ಗಂಡಿಗೂ ಹೆಣ್ಣಿಗೂ ಯಂತ್ರಕ್ಕೂ ಸಲ್ಲುತ್ತದೆ, ಕನ್ನಡದಲ್ಲಿ ‘ಬಂದನು’, ‘ಬಂದಳು’, ‘ಬಂದಿತು’ ಎಂದು ಆರಿಸಲೇಬೇಕು. ಬಂದದ್ದು ಹೆಣ್ಣೆಂಬುದನ್ನು ಕೊನೆಯವರೆಗೆ ಮರೆಮಾಚಲು ಗೌರವಸೂಚಕ ‘ಬಂದರು’ ನೆರವಾಗುತ್ತದೆ. ಬಂದದ್ದು ಯಂತ್ರವಾದರೆ ಅದನ್ನೇ ‘ನಾನು’ ಎಂದು ಕಥೆ ಹೇಳುವಂತೆ ಮಾಡುವುದು ಸುಲಭದ ದಾರಿ. ‘ಬಂದೆನು’ ಎಂಬ ರೂಪದಲ್ಲಿ ಲಿಂಗದ ಸುಳಿವಿಲ್ಲ.